ವೈಶಾಖಕ್ಕೆ ಒಂದೇ ಬೀಜ

ನಾನು ಮಾತಾಡುವುದು ಬಹಳ ಬಿರುಸು. ಬೀದರಿನ ನಮ್ಮ ಮನೆಯಲ್ಲಿ ಅವ್ವ ದಿನಕ್ಕೆ ನಾಲ್ಕು ಸಲವಾದರೂ ಗದರುತ್ತಿದ್ದಳು, ಅಕ್ಷರ ನುಂಗಬೇಡ, ಎದುರಿಗಿದ್ದವರಿಗೆ ಅರ್ಧವೂ ತಿಳಿಯುವುದಿಲ್ಲ ಎಂದು. ನಾನು ಎಲ್ಲಿ ಕೇಳಬೇಕು! ಬಾಯಿ ಜೋರಿದ್ದವರೇ ಸಮಾಜಕಾರ್ಯಕ್ಕೆ ಲಾಯಕ್ಕು ಎಂಬ ಜಂಬ ನನಗೆ. ಆ ಬಾಯಿಯಿಂದ ಒಂದು ಮನೆಗೆ ಏನಾಯಿತು ಎಂಬುದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಎದ್ದಿದ್ದೇನೆ. ಇವತ್ತು ಮುಗಿಸಿಯೇ ಏಳುತ್ತೇನೆ.

ಆಗ ನಾನು ಬೀದರಿನ ಒಂದು ಕಾಲೇಜಿನಲ್ಲಿ ಎಂ.ಎಸ್.ಡಬ್ಲ್ಯೂ. ಎರಡನೇ ವರ್ಷದಲ್ಲಿದ್ದೆ. ನಮಗೆ ಕ್ಷೇತ್ರಕಾರ್ಯ ಕಲಿಸುತ್ತಿದ್ದ ಸರ್ ಒಂದು ಥರದ ಹುಚ್ಚಿನ ಮನುಷ್ಯ, ಒಳ್ಳೆಯ ಹುಚ್ಚು. ಜನರ ಕಷ್ಟ ಕೇಳುವುದಕ್ಕೆ ಮೊದಲು ಅವರು ನಿಂತ ನೆಲ ನೋಡಿ, ಕುಡಿಯುವ ನೀರು ನೋಡಿ, ದನ ಮೇಯುವ ಜಾಗ ನೋಡಿ ಎನ್ನುವವರು. ಮೊದಲ ಪಾಠಕ್ಕೆ ನಮ್ಮನ್ನು ಅಷ್ಟೂರಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಹಳೆಯ ಸುಲ್ತಾನರ ಗುಂಬಜ್‌ಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಹುಮ್ಮಸ್ಸಿನಲ್ಲಿ ನಾವು ಹೊಸ ಬಟ್ಟೆ ತೊಟ್ಟು ಹೋಗಿದ್ದೆವು. ಅವರು ಗುಂಬಜ್‌ಗಳಿಗೆ ಬೆನ್ನು ಹಾಕಿ ಹೊಲಗಳ ನಡುವಿನ ಒಂದು ಹಳ್ಳದ ಜಾಡು ಹಿಡಿಸಿ ಮಧ್ಯಾಹ್ನದ ತನಕ ನಡೆಸಿದರು. ಮೇಲಿನ ಕೆಂಪು ಕಲ್ಲಿನ ನೆಲ ಎಲ್ಲಿ ಮುಗಿಯುತ್ತದೆ, ಕರಿ ಮಣ್ಣು ಎಲ್ಲಿ ಶುರುವಾಗುತ್ತದೆ, ಯಾವ ಹೊಲದ ನೀರು ಯಾರ ಹೊಲಕ್ಕೆ ಇಳಿಯುತ್ತದೆ, ಎಲ್ಲ ತೋರಿಸಿದರು. ಗೆಳತಿಯೊಬ್ಬಳ ಚಪ್ಪಲಿ ಕಿತ್ತುಹೋಗಿ ಅವಳು ದಾರಿಯುದ್ದಕ್ಕೂ ಅವರಿಗೆ ಶಾಪ ಹಾಕಿದಳು. ನಾನು ಮಾತ್ರ ಅವತ್ತೇ ಆ ಕೆಲಸಕ್ಕೆ ಮನಸೋತೆ.

ಚಳಿಗಾಲದಲ್ಲಿ, ಎಳ್ಳಮಾವಾಸ್ಯೆ ಆದ ಮೇಲೆ, ನಮ್ಮ ಶಿಬಿರ ಬಿತ್ತು. ಔರಾದ ತಾಲೂಕಿನ ಒಂದು ಊರು, ಚಿಂತಾಕಿ ದಾಟಿ ಇನ್ನೂ ಮುಂದೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಎರಡು ಓಣಿ, ಎರಡು ಬಾವಿ. ಮೇಲಿನ ಓಣಿಯಲ್ಲಿ ಅಂಗಡಿಯವರು, ಹೊಲ ಹೆಚ್ಚಿದ್ದವರು. ಕೆಳಗಿನ ಓಣಿಯಲ್ಲಿ ಹೆಚ್ಚಾಗಿ ಬೌದ್ಧ ಮನೆಗಳು. ಕೆಳಗಿನವರು ಮೇಲಿನ ಬಾವಿಗೆ ಹೋಗುವ ರೂಢಿ ಇರಲಿಲ್ಲ. ಯಾಕೆ ಎಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ತಮ್ಮ ಬಾವಿ ಬತ್ತಿದರೆ ಅವರು ಊರಾಚೆಯ ಗುಡ್ಡದ ಬಾವಿಗೆ ಹೋಗುತ್ತಿದ್ದರು. ಒಂದು ಸಂಸ್ಥೆಯವರು ಬೇಸಿಗೆಗೆ ಮೊದಲು ಊರಿನ ಒಂದು ಬಾವಿಯ ಹೂಳು ತೆಗೆಸಿ ಆಳ ಮಾಡಿಸಿಕೊಡುವುದಾಗಿ ಒಪ್ಪಿದ್ದರು. ಯಾವ ಬಾವಿ ಎಂಬುದು ನಮ್ಮ ವರದಿ ನೋಡಿ ತೀರ್ಮಾನವಾಗಬೇಕಿತ್ತು. ಇಪ್ಪತ್ತೆರಡು ವರ್ಷದ ಹುಡುಗಿಯ ಕೈಗೆ ಒಂದು ಓಣಿಯ ನೀರು ಕೊಟ್ಟಿದ್ದರು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು ಇಷ್ಟೇ, ವರದಿ ಚೆನ್ನಾಗಿ ಬರಬೇಕು.

ನಾನು ಮತ್ತು ಚಪ್ಪಲಿ ಕಿತ್ತ ಗೆಳತಿ ಉಳಿದದ್ದು ಕೆಳಗಿನ ಓಣಿಯ ಒಂದು ಮನೆಯಲ್ಲಿ. ಆ ಮನೆಯ ಯಜಮಾನಿಯನ್ನು ಓಣಿಗೆ ಓಣಿಯೇ ಆಯಿ ಎನ್ನುತ್ತಿತ್ತು, ನಾವೂ ಆಯಿ ಎಂದೆವು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಗ ಉದಗೀರಿನ ಕಡೆ ಟ್ರ್ಯಾಕ್ಟರ್ ನಡೆಸುತ್ತಿದ್ದ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಯಾವಾಗಲೂ ಒಂದು ಊದಿನಕಡ್ಡಿ. ಆಯಿ ನನ್ನನ್ನು, ಕಲಿತ ಹೆಂಗಸರಿಗೆ ಅಲ್ಲಿ ಅನ್ನುವ ಹಾಗೆ, ಬಾಯಾರ ಎಂದು ಕರೆಯುತ್ತಿದ್ದಳು, ಬಹುವಚನದಲ್ಲೇ ಛೇಡಿಸುತ್ತಿದ್ದಳು. ನಿಮ್ಮ ಮಾತಿಗೆ ಬ್ರೇಕೇ ಇಲ್ಲ, ನಿಮ್ಮನ್ನು ಮದುವೆಯಾಗುವವನಿಗೆ ಕಿವಿ ಎರಡು ಸಾಲುವುದಿಲ್ಲ ಎಂದು ರೊಟ್ಟಿ ಬಡಿಯುತ್ತಲೇ ನಗುತ್ತಿದ್ದಳು. ಪುಂಡಿಪಲ್ಯ ಇನ್ನೊಂದಿಷ್ಟು ಹಾಕದೆ ಬಿಡುತ್ತಿರಲಿಲ್ಲ.

ಸೊಸೆ ನನಗಿಂತ ಒಂದು ವರ್ಷ ಚಿಕ್ಕವಳು. ಹತ್ತನೇ ಇಯತ್ತೆ ಓದಿದ್ದಳು, ಅಕ್ಷರ ಮುತ್ತಿನಂತೆ. ಮಾತು ಕಡಿಮೆ. ಎರಡು ಸಲ ಬಸಿರಾಗಿ ಎರಡೂ ಸಲ ಹೊಟ್ಟೆಯಲ್ಲೇ ಹೋಗಿತ್ತು. ನಾವು ಹೋದಾಗ ಮೂರನೇ ಸಲ, ಮೂರು ತಿಂಗಳು. ಆಯಿ ಅವಳಿಗೆ ಭಾರ ಎತ್ತಲು ಬಿಡುತ್ತಿರಲಿಲ್ಲ, ತಾನೇ ಬಾವಿಯಿಂದ ಸೇದಿ ತರುತ್ತಿದ್ದಳು. ಆದರೆ ಆಯಿಗೆ ಮಂಡಿನೋವು. ಓಣಿಯ ಬಾವಿ ನಾಲ್ಕು ಹೆಜ್ಜೆಯ ಮೇಲಿತ್ತು, ಅಲ್ಲಿಯ ತನಕ ಹೇಗೋ ನಡೆಯುತ್ತಿತ್ತು. ಗುಡ್ಡದ ಬಾವಿಗೆ ಆಕೆ ಹತ್ತಿ ಇಳಿಯುವುದು ಆಗದ ಮಾತು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಆಯಿ ನನ್ನನ್ನು ಹಿತ್ತಲಿಗೆ ಕರೆದು ಕೂರಿಸಿಕೊಂಡಳು. ಅವತ್ತು ನಗಲಿಲ್ಲ.

"ಯುಗಾದಿ ಒಳಗ ನಮ್ಮ ಬಾವಿ ಹೂಳ ತೆಗಸ್ರಿ ಬಾಯಾರ. ಬ್ಯಾಸಗಿಗಿ ಅದು ಬತ್ತತದ. ನಮ್ಮ ಸೊಸಿ ಗುಡ್ಡದ ಬಾವಿಗಿ ಹೋಗೋದು ತಪ್ಪಬೇಕರಿ. ಈ ಸಲರೆ ಕೂಸು ಕೈಗಿ ಬರ್ಲಿ."

ನಾನು ಆಕೆಯ ಕೈ ಹಿಡಿದು, ಖಂಡಿತ ಆಯಿ, ಬರೆಯುತ್ತೇನೆ ಎಂದೆ. ಮನಸ್ಸಿನಿಂದಲೇ ಎಂದೆ. ಆ ಹೊತ್ತಿಗೆ ಸುಳ್ಳು ಹೇಳಿರಲಿಲ್ಲ ಎಂಬುದೊಂದೇ ನನಗೆ ಉಳಿದ ಸಮಾಧಾನ.

ಮರುದಿನ ನಮಗೆ ವರ್ಷದ ಚಿತ್ರ ಬರೆಸುವ ಕೆಲಸ. ಅದೇನೆಂದರೆ, ನೆಲದ ಮೇಲೆ ರಂಗೋಲಿಯಲ್ಲಿ ಹನ್ನೆರಡು ಮನೆ ಬರೆದು, ಒಂದೊಂದು ಮನೆಗೆ ಒಂದೊಂದು ತಿಂಗಳ ಹೆಸರಿಟ್ಟು, ಯಾವ ತಿಂಗಳಲ್ಲಿ ನೀರಿನ ತೊಂದರೆ ಎಷ್ಟು ಎಂದು ಹೆಂಗಸರಿಂದ ಬೀಜ ಇಡಿಸುವುದು. ತೊಂದರೆ ಹೆಚ್ಚಿದ್ದರೆ ಹೆಚ್ಚು ಬೀಜ, ಕಡಿಮೆ ಇದ್ದರೆ ಕಡಿಮೆ. ಒಂದು ಮನೆಗೆ ಹತ್ತು ಬೀಜದ ತನಕ. ಓದು ಬಾರದವರೂ ತಮ್ಮ ಊರಿನ ನೀರು, ಮಳೆ, ಬೆಳೆಯ ಮಾತು ತಾವೇ ಹೇಳಬಹುದು ಎಂಬುದು ಇದರ ಸೊಗಸು. ತಿಂಗಳಿಗೆ ಹಬ್ಬದ ಗುರುತು ಇಟ್ಟೆವು: ಯುಗಾದಿ, ಪಂಚಮಿ, ದಸರೆ, ದೀಪಾವಳಿ, ಹೋಳಿ. ವೈಶಾಖಕ್ಕೆ ಬಸವ ಜಯಂತಿ ಎನ್ನಬೇಕೋ ಬುದ್ಧ ಪೂರ್ಣಿಮೆ ಎನ್ನಬೇಕೋ ಎಂದು ಹೆಂಗಸರಲ್ಲೇ ಸ್ವಲ್ಪ ಜಟಾಪಟಿಯಾಗಿ ಕೊನೆಗೆ ಎರಡನ್ನೂ ಇಟ್ಟರು.

ನಮ್ಮ ಕೈಯಲ್ಲಿದ್ದ ಕಾಗದದಲ್ಲಿ "ತೊಂದರೆ" ಎಂದು ಅಚ್ಚಾಗಿತ್ತು. ಪುಸ್ತಕದ ಮಾತು ಬಿಡಿ, ಅವರ ಮಾತಿನಲ್ಲಿ ಕೇಳಿ ಎಂದು ಸರ್ ಹೇಳಿ ಕಳಿಸಿದ್ದರು. ನಮ್ಮ ಮನೆಯಲ್ಲಿ ನಾವು ತಕಲೀಫ್ ಎನ್ನುವವರು. ಆದರೆ ಆಯಿಯ ಮನೆಯಲ್ಲಿ ಮೂರು ದಿನ ಉಂಡು, ಇಲ್ಲಿ ತ್ರಾಸ ಎನ್ನುತ್ತಾರೆ ಎಂದು ನಾನು ಕಂಡುಕೊಂಡಿದ್ದೆ. ಗೆಳತಿಗೆ ಅದನ್ನು ಹೇಳಿ ದೊಡ್ಡಸ್ತಿಕೆ ಬೇರೆ ತೋರಿಸಿದ್ದೆ.

ನಾವು ಕೂತದ್ದು ಹಿಟ್ಟಿನ ಗಿರಣಿಯ ಪಕ್ಕದ ಕಟ್ಟೆಯ ಮೇಲೆ, ನೆರಳು ಅಲ್ಲೊಂದೇ ಕಡೆ ಇತ್ತು. ಗಿರಣಿ ಗಡಗಡ ಎನ್ನುತ್ತಿತ್ತು. ನಾನು ಅದಕ್ಕಿಂತ ಜೋರಾಗಿ, ನನ್ನ ಎಂದಿನ ಬಿರುಸಿನಲ್ಲಿ ಕೂಗಿದೆ: "ನೀರಿಂದು ಯಾವ ತಿಂಗಳಿಗಿ ಎಷ್ಟು ತ್ರಾಸ ಅದ, ಅಷ್ಟು ಬೀಜ ಇಡ್ರಿ!"

ಹೆಂಗಸರು ತಲೆಗೆ ತಲೆ ಕೂಡಿಸಿ ಮಾತಾಡಿಕೊಂಡರು. ಒಂದು ಮಾತೂ ನನಗೆ ಕೇಳಲಿಲ್ಲ, ಗಿರಣಿ. ಓದಿದವಳು ಎಂದು ಸೊಸೆಯ ಕೈಗೆ ಹುಣಸೆ ಬೀಜ ಕೊಟ್ಟರು. ಅವಳು ಅವರಿವರ ಮುಖ ನೋಡುತ್ತ, ಅವರು ತೋರಿಸಿದ ಬೆರಳಿನ ಲೆಕ್ಕದಂತೆ ಒಂದೊಂದೇ ಮನೆ ತುಂಬಿದಳು. ಪಂಚಮಿಗೆ ಹತ್ತು. ಅದರ ಮುಂದಿನದಕ್ಕೆ ಹತ್ತು. ದಸರೆಗೆ ಎಂಟು. ಹಾಗೆ ಇಳಿಯುತ್ತ ಬಂದು ಹೋಳಿಗೆ ಮೂರು, ಯುಗಾದಿಗೆ ಎರಡು, ವೈಶಾಖಕ್ಕೆ ಒಂದೇ ಬೀಜ. ಬೀಜ ಸಾಲಾಗಿ, ಅಂದವಾಗಿ ಜೋಡಿಸಿದ್ದಳು. ನಾನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ.

ಸಂಜೆ ಶಾಲೆಯ ವರಾಂಡದಲ್ಲಿ ಆ ಫೋಟೋ ನೋಡುತ್ತ ಕೂತೆ. ಮಳೆಗಾಲದಲ್ಲಿ ನೀರಿನ ತ್ರಾಸ ಹತ್ತು, ಬೇಸಿಗೆಯಲ್ಲಿ ಒಂದು? ಆಯಿ ಹೇಳಿದ್ದು ಇದಕ್ಕೆ ಪೂರ್ತಿ ಉಲ್ಟಾ. ಎದ್ದು ಹೋಗಿ ಕೇಳಿದ್ದರೆ ಆಗುತ್ತಿತ್ತು. ಆಯಿಯ ಮನೆ ಅಲ್ಲಿಂದ ಕಾಣುತ್ತಿತ್ತು, ಒಲೆಯ ಹೊಗೆ ಸಹ ಕಾಣುತ್ತಿತ್ತು. ನಾನು ಏಳಲಿಲ್ಲ. ಕೂತಲ್ಲೇ ತಲೆ ಓಡಿಸಿದೆ. ಹಾಂ, ಮೇಲಿನ ಓಣಿಯ ನಾಲಿಯ ಕೊಚ್ಚೆ ನೀರು ಮಳೆಗಾಲದಲ್ಲಿ ಕೆಳಗಿನ ಬಾವಿಗೆ ನುಗ್ಗುತ್ತದೆ, ಶಿಬಿರದ ಮೊದಲ ದಿನ ನಾಲಿಯ ಜಾಡು ಹಿಡಿದು ನಡೆದಾಗ ಇಳಿಜಾರು ನೋಡಿದ್ದೆವಲ್ಲ! ಕರಿ ಮಣ್ಣಿನ ಕೆಸರು, ಕದಡಿದ ನೀರು, ಮಕ್ಕಳಿಗೆ ಜ್ವರ. ಇದೇ ತ್ರಾಸ. ಎಲ್ಲ ಚಕಚಕನೆ ಕೂಡಿಕೊಂಡಿತು. ಬುದ್ಧಿವಂತಿಕೆ ಯಾವಾಗ ಕೈಕೊಡುತ್ತದೆ ಎಂದು ಕೇಳಿದರೆ ನಾನು ಆ ಸಂಜೆಯನ್ನು ತೋರಿಸುತ್ತೇನೆ.

ಸರ್‌ಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಬೇಸಿಗೆಯಲ್ಲಿ ನೀರಿಲ್ಲ ಎಂದು ಯಾರು ಬೇಕಾದರೂ ಬರೆಯುತ್ತಾರೆ, ನೀನು ನೆಲ ನೋಡಿ ಮಳೆಗಾಲದ ಕಷ್ಟ ಕಂಡುಹಿಡಿದೆ, ಪರಿಸರದ ಕಣ್ಣು ಎಂದರೆ ಇದು ಎಂದರು. ನಾನು ಅಷ್ಟಕ್ಕೆ ಉಬ್ಬಿಹೋದೆ. ಆದರೂ ಆಯಿಯ ಮಾತು ಮುಚ್ಚಿಡಲಿಲ್ಲ, ಹೇಳಿದೆ. ಒಬ್ಬರು ಹಿತ್ತಲಲ್ಲಿ ಹೇಳಿದ್ದಕ್ಕಿಂತ ಹನ್ನೆರಡು ಮಂದಿ ಕೂಡಿ ಇಟ್ಟ ಬೀಜವನ್ನು ನಂಬಬೇಕು ಎಂದರು ಅವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನನ್ನ ಓದನ್ನು ನಂಬಿದರು. ಓದಿದವಳು ನಾನು.

ಕೊನೆಯ ದಿನ ಶಾಲೆಯ ಮುಂದೆ ಸಭೆ. ಪಂಚಾಯಿತಿಯವರು, ಸಂಸ್ಥೆಯವರು, ಎರಡೂ ಓಣಿಯ ಜನ. ನಾನೇ ಓದಿದೆ, ಮೈಕಿನಲ್ಲಿ. ಇನ್ನೊಂದು ತಂಡ ಬರೆಸಿದ ಚಿತ್ರದಂತೆ ಮೇಲಿನ ಓಣಿಗೆ ಬೇಸಿಗೆಯಲ್ಲಿ ನೀರಿನ ತ್ರಾಸ ಹೆಚ್ಚು, ಆದ್ದರಿಂದ ಮೇಲಿನ ಬಾವಿಯ ಹೂಳು ತೆಗೆಯಬೇಕು. ಕೆಳಗಿನ ಓಣಿಗೆ ತ್ರಾಸ ಮಳೆಗಾಲದಲ್ಲಿ, ಆದ್ದರಿಂದ ನಾಲಿ ಬೇರೆ ಕಡೆ ತಿರುಗಿಸಿ, ಬಾವಿಗೆ ಕಟ್ಟೆ ಕಟ್ಟಿ, ಸುತ್ತ ಬೇವಿನ ಸಸಿ ನೆಡಬೇಕು. ಬೇಸಿಗೆಯಲ್ಲಿ ಬೇಕಾದರೆ ಎರಡೂ ಓಣಿಯವರು ಮೇಲಿನ ಬಾವಿಯನ್ನೇ ಬಳಸಬಹುದು ಎಂದೂ ಸೇರಿಸಿದೆ. ಎಷ್ಟು ಸಲೀಸಾಗಿ ಸೇರಿಸಿದೆ! ಚಪ್ಪಾಳೆ ಬಿತ್ತು. ಕೆಳಗಿನ ಓಣಿಯ ಹೆಂಗಸರೂ ತಟ್ಟಿದರು. ಆಯಿ ಮಾತ್ರ ತಟ್ಟದೆ ಪಕ್ಕದಲ್ಲಿ ಕೂತ ಸೊಸೆಯ ಕಡೆ ತಿರುಗಿ ನೋಡಿದಳು, ಬಹಳ ಹೊತ್ತು. ಸೊಸೆ ತಲೆ ತಗ್ಗಿಸಿದಳು. ಸೊಸೆ ಇಟ್ಟ ಬೀಜ ಮೈಕಿನಲ್ಲಿ ಬಂತಲ್ಲ, ಅತ್ತೆಗೆ ಹೆಮ್ಮೆ, ಅವಳಿಗೆ ನಾಚಿಕೆ ಎಂದುಕೊಂಡೆ ನಾನು.

ವರದಿಗೆ ಒಳ್ಳೆಯ ಅಂಕ ಬಂತು. ಅದಕ್ಕೆ ಗಟ್ಟಿ ರಟ್ಟು ಕಟ್ಟಿಸಿ ವಿಭಾಗದ ಕಪಾಟಿನಲ್ಲಿಟ್ಟರು.

ಪರೀಕ್ಷೆ ಮುಗಿಸಿ, ಮುಂಗಾರು ಇನ್ನೂ ಶುರುವಾಗದ ಹೊತ್ತಿಗೆ, ಕೆಲಸ ಹೇಗೆ ಆಗಿದೆ ನೋಡಲು ಮತ್ತೆ ಹೋದೆ. ಕೆಳಗಿನ ಬಾವಿಗೆ ಹೊಸ ಕಟ್ಟೆ, ಒಳ್ಳೆಯ ಕಲ್ಲಿನದು. ಬೇವಿನ ಸಸಿಗಳಲ್ಲಿ ಎರಡು ಬದುಕಿದ್ದವು. ಬಗ್ಗಿ ನೋಡಿದರೆ ಬಾವಿಯ ತಳದಲ್ಲಿ ಬಿರುಕು ಬಿಟ್ಟ ಕರಿ ಮಣ್ಣು. ಆಯಿಯ ಮನೆಯಲ್ಲಿ ಸೊಸೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಆಗಿದ್ದನ್ನು ಹೇಳಿದ್ದು ಪಕ್ಕದ ಮನೆಯ ಹೆಂಗಸು. ಈ ಸಲ ಚೈತ್ರದಲ್ಲೇ ಬಾವಿ ಬತ್ತಿತು. ಮೇಲಿನ ಬಾವಿಗೆ ಹೋದವರಿಗೆ ಯಾರೂ ಬೈಯಲಿಲ್ಲವಂತೆ, ಕೊಡ ಇಡಲು ಜಾಗ ಬಿಡಲಿಲ್ಲ ಅಷ್ಟೇ. ಆಯಿ ಹತ್ತು ದಿನ ಗುಡ್ಡ ಹತ್ತಿಳಿದು ಹಾಸಿಗೆ ಹಿಡಿದಳು. ಆಮೇಲೆ ಸೊಸೆ ಹೋದಳು, ಒಂದೊಂದೇ ಕೊಡ, ನಿಧಾನವಾಗಿ. ವೈಶಾಖದ ಒಂದು ಬೆಳಿಗ್ಗೆ ಇಳಿಜಾರಿನಲ್ಲಿ ಕಾಲು ಜಾರಿತು. ಏಳು ತಿಂಗಳು ತುಂಬಿತ್ತು. ಔರಾದಿನ ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಹೆಣ್ಣು ಕೂಸು.

ನಾನು ಸೊಸೆಯ ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈಯಿಟ್ಟೆ. ದುಃಖದಲ್ಲಿದ್ದವರ ಜೊತೆ ಹೇಗೆ ಕೂರಬೇಕು ಎಂದು ನಮಗೆ ಕಲಿಸಿದ್ದರಲ್ಲ, ಹಾಗೇ ಕೂತೆ. ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ. ಆಯಿ ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ, ಈಕೆ ಅವತ್ತು ಬೀಜ ನೆಟ್ಟಗೆ ಇಟ್ಟಿದ್ದರೆ ನಮ್ಮ ಬಾವಿ ಆಗುತ್ತಿತ್ತು, ತನ್ನ ಕೂಸನ್ನು ತಾನೇ ಕಳೆದುಕೊಂಡಳು ಎಂದಳು. ಓಣಿಯಲ್ಲೂ ಸೊಸೆಗೆ ಬೀಜದಾಕಿ ಎಂಬ ಹೆಸರು ಬಿದ್ದಿತ್ತು. ನನಗೆ ಅದರ ತಲೆಬುಡ ತಿಳಿಯಲಿಲ್ಲ. ಮುದುಕಿ ದುಃಖದಲ್ಲಿ ಏನೋ ಅನ್ನುತ್ತಿದ್ದಾಳೆ ಎಂದು ಸುಮ್ಮನಾದೆ. ಸೊಸೆಯ ಪರವಾಗಿ ಒಂದು ಮಾತನ್ನೂ ಆಡದೆ ಮಧ್ಯಾಹ್ನದ ಬಸ್ಸಿಗೆ ಬಂದುಬಿಟ್ಟೆ.

ಮುಂದಿನ ವರ್ಷ ನನಗೆ ಭಾಲ್ಕಿಯಲ್ಲಿ ಕೆಲಸ ಸಿಕ್ಕಿತು. ಹಳ್ಳಿಯ ಹೆಂಗಸರಿಗೆ ತಮ್ಮ ಊರಿನ ನೀರು, ಗಿಡ, ಹೊಲದ ಲೆಕ್ಕ ತಾವೇ ಇಡುವುದನ್ನು ಕಲಿಸುವ ಕೆಲಸ. ಸಾಯಗಾಂವದಲ್ಲಿ ಒಂದು ದಿನ ಬೇವಿನ ಮರದಡಿ ಅದೇ ಹನ್ನೆರಡು ಮನೆ ಬರೆದೆ, ಅದೇ ಪ್ರಶ್ನೆ ಅದೇ ಬಿರುಸಿನಲ್ಲಿ ಕೇಳಿದೆ. ಅಲ್ಲಿ ಗಿರಣಿ ಇರಲಿಲ್ಲ. ಮುಂದೆ ಕೂತಿದ್ದ ಮುದುಕಿಯೊಬ್ಬಳು ಕಿವಿಗೆ ಕೈ ಹಚ್ಚಿ ಮುಖ ಕಿವಿಚಿದಳು.

"ನೀರ ಎಷ್ಟ ತಾಸ ಸಿಗ್ತದ ಅಂತ ಕೇಳ್ತೀರೋ, ಎಷ್ಟ ತ್ರಾಸ ಅಂತ ಕೇಳ್ತೀರೋ? ನೆಟ್ಟಗ ಹೇಳ್ರಿ ಬಾಯಾರ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ಬಾಯಲ್ಲೇ ನಿಂತಿತು. ತಾಸ, ಗಂಟೆ. ತ್ರಾಸ, ತೊಂದರೆ. ಸ್ವಲ್ಪ ಇರಿ ಎಂದು ಎದ್ದು ಗೋಡೆಯ ಮರೆಗೆ ಹೋಗಿ ಮೊಬೈಲಿನಲ್ಲಿ ಹಳೆಯ ಫೋಟೋ ಹುಡುಕಿದೆ. ಪಂಚಮಿಗೆ ಹತ್ತು ತಾಸು, ಅಂದರೆ ಹಗಲೆಲ್ಲ ನೀರು. ದಸರೆಗೆ ಎಂಟು ತಾಸು. ಹೋಳಿಗೆ ಮೂರು. ವೈಶಾಖದಲ್ಲಿ ದಿನಕ್ಕೆ ಒಂದೇ ತಾಸು ಸೇದಬಹುದು, ಆಮೇಲೆ ಬಾವಿ ಬರಿದು. ಒಂದು ಬೀಜವೂ ತಪ್ಪಿರಲಿಲ್ಲ. ಆ ಹುಡುಗಿ ನಾನು ಕೇಳಿದ್ದಕ್ಕೆ ಸರಿಯಾಗಿ, ಸಾಲಾಗಿ, ಅಂದವಾಗಿ ಉತ್ತರ ಜೋಡಿಸಿಟ್ಟಿದ್ದಳು. ಆಯಿ ಹಿತ್ತಲಲ್ಲಿ ಹೇಳಿದ್ದನ್ನೇ ಅವಳ ಬೀಜಗಳೂ ಹೇಳಿದ್ದವು. ಎರಡನ್ನೂ ಕೇಳಿಸಿಕೊಳ್ಳದೆ ನಾನು ಮೂರನೆಯದೊಂದನ್ನು ಕಟ್ಟಿದ್ದೆ.

ಅವತ್ತೇ ಸರ್‌ಗೆ ಫೋನ್ ಮಾಡಿ ಅತ್ತುಬಿಟ್ಟೆ. ಅವರು, ಈಗ ಹೇಳಿ ಯಾರಿಗೇನು ಉಪಯೋಗ, ಹೋದ ಕೂಸು ಬರುತ್ತದೆಯೇ, ಮುಂದೆ ಹುಷಾರಾಗಿರು ಎಂದರು. ನನಗೆ ಬೇಕಾಗಿದ್ದೂ ಅದೇ ಮಾತು. ನೆವ ಸಿಕ್ಕಿತೆಂದು ಮೂರು ವರ್ಷ ಸುಮ್ಮನಿದ್ದೆ. ಭಾಲ್ಕಿಯಿಂದ ಔರಾದಿಗೆ ಬಸ್ಸಿಗೇನೂ ಬರವಿರಲಿಲ್ಲ. ಅಲ್ಲೊಬ್ಬಳು ನನ್ನ ತಪ್ಪನ್ನು ತನ್ನದೆಂದು ಹೊತ್ತುಕೊಂಡು ದಿನಾ ಅತ್ತೆಯ ಮಾತು ಕೇಳುತ್ತಿದ್ದಾಳೆ ಎಂದು ಗೊತ್ತಿದ್ದೂ ನಾನು ಊಟ ಮಾಡಿದೆ, ನಿದ್ದೆ ಮಾಡಿದೆ, ಗೆಳತಿಯ ಮದುವೆಯಲ್ಲಿ ಕುಣಿದೆ. ಹೇಡಿ ಎಂದರೆ ಇನ್ನು ಯಾರು?

ಕಳೆದ ವರ್ಷ ಬೀದರಿಗೆ ಮರಳಿ ಅದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದೆ. ಸರ್ ನಿವೃತ್ತರಾಗಿದ್ದರು. ಶಿಬಿರಕ್ಕೆ ಹೋಗುವ ಹುಡುಗರಿಗೆ ಮಾದರಿ ವರದಿ ತೋರಿಸಿ ಎಂದು ವಿಭಾಗದವರು ಕಪಾಟಿನಿಂದ ಒಂದನ್ನು ತೆಗೆದುಕೊಟ್ಟರು. ನನ್ನದೇ. ರಟ್ಟಿನ ಮೇಲೆ ನನ್ನದೇ ಅಕ್ಷರ. ಪ್ರತಿ ವರ್ಷವೂ ಅದನ್ನು ತೋರಿಸಿಯೇ ಕಲಿಸುತ್ತಿದ್ದರಂತೆ. ತರಗತಿಯಲ್ಲಿ ಒಬ್ಬಳು ಕೈ ಎತ್ತಿ, ವೈಶಾಖಕ್ಕೆ ಒಂದೇ ಬೀಜ ಯಾಕೆ ಮೇಡಂ, ನಮ್ಮೂರಲ್ಲಿ ಆಗಲೇ ಅಲ್ಲವೇ ನೀರಿಲ್ಲದ್ದು ಎಂದು ಕೇಳಿದಳು. ಔರಾದ ಕಡೆಯ ಹುಡುಗಿಯೇ ಇರಬೇಕು. ನಾನು ಅವರಿಗೆ ಎಲ್ಲ ಹೇಳಿಬಿಟ್ಟೆ, ತಾಸ ತ್ರಾಸದ ಕಥೆಯನ್ನೆಲ್ಲ, ಕೂಸಿನ ತನಕ. ಆಗ ಅದೇ ಹುಡುಗಿ ಮತ್ತೆ ಕೇಳಿದಳು, ಆ ಸೊಸೆಗೆ ಇದು ಗೊತ್ತಾ ಮೇಡಂ ಎಂದು.

ಆ ಭಾನುವಾರ ಬೆಳಗಿನ ಬಸ್ಸು ಹಿಡಿದೆ. ಸೊಸೆಯ ಹೆಸರಿಗೆ ಹತ್ತಿದ ಮಸಿ ತೊಳೆಯಬೇಕು, ಅಷ್ಟಾದರೂ ನನ್ನ ಕೈಯಲ್ಲಿದೆ ಎಂದುಕೊಂಡೆ. ನನಗೂ ಹಗುರಾಗಬೇಕಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಕೆಳಗಿನ ಓಣಿಗೆ ಈಗ ನಲ್ಲಿ ಬಂದಿದೆ, ಎರಡು ದಿನಕ್ಕೊಮ್ಮೆ ನೀರು. ಆಯಿ ಬಾಗಿಲ ಹತ್ತಿರ ಹೊರಸಿನ ಮೇಲೆ ಕೂತಿದ್ದಳು, ಬಹಳ ಇಳಿದುಹೋಗಿದ್ದಳು. ಗುರುತು ಹಿಡಿದು ಕೈ ಹಿಡಿದು ಕೂರಿಸಿಕೊಂಡಳು. ಮನೆಯಲ್ಲಿ ಕೂಸಿನ ಸುಳಿವಿರಲಿಲ್ಲ, ತೊಟ್ಟಿಲ ಹಗ್ಗ ಕಟ್ಟುವ ಕೊಂಡಿಗೆ ಜೋಳದ ಚೀಲ ತೂಗುಬಿದ್ದಿತ್ತು. ಸೊಸೆ ಒಳಗಿಂದ ಬಂದು, ಆರಾಮಾ ಎಂದು ಕೇಳಿ, ಚಹಾ ಮಾಡಲು ಹೋದಳು. ಅವಳು ಅಲ್ಲೇ ಇರಲಿ, ಕೇಳಲಿ ಎಂದು ನಾನು ದನಿ ಎತ್ತಿಯೇ ಹೇಳಿದೆ. ಜೀವನದಲ್ಲಿ ಮೊದಲ ಸಲ ನಿಧಾನವಾಗಿ, ಒಂದಕ್ಷರವನ್ನೂ ನುಂಗದೆ ಹೇಳಿದೆ. ನಾನು ಕೇಳಿದ್ದು ತ್ರಾಸ, ನಿಮಗೆ ಕೇಳಿಸಿದ್ದು ತಾಸ. ನಿಮ್ಮ ಸೊಸೆ ಬೀಜ ಸರಿಯಾಗಿಯೇ ಇಟ್ಟಿದ್ದಳು. ತಪ್ಪು ಓದಿದವಳು ನಾನು, ಬಾವಿ ತಪ್ಪಿಸಿದವಳು ನಾನು. ಆಕೆಯದು ಏನೂ ತಪ್ಪಿಲ್ಲ ಆಯಿ.

ಆಯಿ ಕೈ ಬಿಡಲಿಲ್ಲ.

"ನಂಗ ಗೊತ್ತದರಿ" ಎಂದಳು. "ಅವತ್ತ ಸಾಲಿ ಮುಂದ ನೀವ ತಾಸಿನ ಬೀಜ ತ್ರಾಸ ಅಂತ ಓದಿದಾಗನೇ ತಿಳೀತು."

ಮತ್ತೆ ಆಗಲೇ ಯಾಕೆ ಹೇಳಲಿಲ್ಲ ಎಂದೆ.

"ಅಷ್ಟು ಮಂದ್ಯಾಗ ನಿಮಗ ತಪ್ಪಂತ ಹ್ಯಾಂಗ ಅನ್ಬೇಕರಿ? ಕಲ್ತವ್ರು. ನಮ್ಮ ಮನ್ಯಾಗ ಉಂಡವ್ರು. ಆಮ್ಯಾಲ ಕೂಸು ಹೋಯ್ತು, ಹೊಟ್ಟ್ಯಾಗ ಬೆಂಕಿ ಬಿತ್ತು. ನಿಮ್ಮ ಮ್ಯಾಲ ಸಿಟ್ಟ ಮಾಡ್ಲಿಕ್ಕ ಬರಲ್ಲರಿ ಬಾಯಾರ. ಸೊಸಿ ಮ್ಯಾಲ ಬರ್ತದ."

ಸೊಸೆ ಚಹಾದ ಬಟ್ಟಲು ಹಿಡಿದು ಒಳಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ. ನನ್ನ ಕಡೆ ಅವಳು ನೋಡಲೇ ಇಲ್ಲ.

"ಅತ್ತಿ, ನಿಮಗ ಗೊತ್ತಿತ್ತೇನ್ರಿ?"

ಮೆಲ್ಲಗೇ ಕೇಳಿದಳು. ಆಯಿ ಸೀರೆಯ ಅಂಚು ತೀಡತೊಡಗಿದಳು. ಸೊಸೆ ಎರಡು ಬಟ್ಟಲನ್ನೂ ನೆಲದ ಮೇಲಿಟ್ಟು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಇಷ್ಟು ವರ್ಷ ಅವಳು ತಾನೇ ಪ್ರಶ್ನೆಯನ್ನು ತಪ್ಪಾಗಿ ಕೇಳಿಸಿಕೊಂಡೆ ಎಂದು ನಂಬಿದ್ದಳು. ಅತ್ತೆ ಕೂಸಿನ ಸಂಕಟಕ್ಕೆ ಅನ್ನುತ್ತಾಳೆ, ಅನ್ನಲಿ, ತಪ್ಪು ತನ್ನದೇ ಅಲ್ಲವೇ ಎಂದು ನುಂಗಿಕೊಂಡು ಆ ಮಂಡಿಗೆ ಎಣ್ಣೆ ತಿಕ್ಕಿದ್ದಳು. ಆ ಅನಿಸಿಕೆಯಲ್ಲೇ ಇಬ್ಬರೂ ಹೇಗೋ ಒಂದು ಮನೆಯಲ್ಲಿ ಬದುಕಿದ್ದರು. ಅದನ್ನೂ ನಾನು ಒಂದು ಭಾನುವಾರದ ಬೆಳಿಗ್ಗೆ ಬಂದು ಕಿತ್ತುಹಾಕಿದೆ.

ಆಯಿ ಎರಡು ಸಲ ಕರೆದಳು. ಎದ್ದು ಹೋಗಿ ಬಾಗಿಲು ತಟ್ಟಿದಳು, ಕದ ತೆರೆಯಲಿಲ್ಲ. ಮರಳಿ ಬಂದು ಹೊರಸಿನ ಮೇಲೆ ಕೂತಳು. ಚಹಾ ಹಾಗೇ ಆರಿ ಮೇಲೆ ಕೆನೆ ಕಟ್ಟಿತು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಆಯಿ ಬೇಡ ಎಂದು ಕೈ ಅಡ್ಡ ಮಾಡಿದಳು.

ಚೀಲ ಹೆಗಲಿಗೆ ಹಾಕಿ ಎದ್ದೆ. ಬರ್ತೇನಿ ಆಯಿ ಎಂದೆ. ಯಾರ ಮನೆಯಿಂದ ಎದ್ದರೂ ಬಾಯಿಗೆ ತಾನಾಗಿ ಬರುವ ಮಾತು. ಆಯಿ ತಲೆ ಎತ್ತಿ ನನ್ನನ್ನು ನೋಡಿದಳು. ಆ ಮುಖದಲ್ಲಿ ಅತಿಥಿಗೆ ಇಟ್ಟ ಮರ್ಯಾದೆ ಒಂದಿಷ್ಟೂ ಉಳಿದಿರಲಿಲ್ಲ.

"ಹೋಗು" ಎಂದಳು.